ಜಠರದ ಗಂಟುಗಳನ್ನು ಎಂಡೋಸ್ಕೋಪಿ ಮೂಲಕ ತೆಗೆಯುವಾಗಿನ ರಕ್ತಸ್ರಾವ: ಸಾರ್ವಜನಿಕರ ಮಾಹಿತಿಗಾಗಿ

ಜಠರದ ಒಳಪದರದಲ್ಲಿ ಕಾಣಿಸಿಕೊಳ್ಳುವ ಪಾಲಿಪ್, ಆರಂಭಿಕ ಹಂತದ ಕ್ಯಾನ್ಸರ್ ಮುಂತಾದವುಗಳನ್ನು ಹೊಟ್ಟೆ ಕೊಯ್ಯದೆ, ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ತೆಗೆಯಲಾಗುತ್ತದೆ. ಸಣ್ಣ ಗಂಟನ್ನು ತಂತಿಯ ಕುಣಿಕೆಯಿಂದ ಕತ್ತರಿಸುವರು. ದೊಡ್ಡದನ್ನು ವಿದ್ಯುತ್ ಚಾಕುವಿನಿಂದ ಕೆಳಪದರದಿಂದ ಬಿಡಿಸಿ ಇಡಿಯಾಗಿ ತೆಗೆಯುವರು. ಈ ಎರಡನೆಯ ವಿಧಾನಕ್ಕೆ ಇ.ಎಸ್.ಡಿ. ಎನ್ನುತ್ತಾರೆ. ಬಳಗಾನೂರು, ಮಸ್ಕಿ, ಸಿಂಧನೂರು ಹಾಗೂ ಲಿಂಗಸುಗೂರು ಭಾಗದ ರೋಗಿಗಳು ಇದಕ್ಕಾಗಿ ದೂರದ ನಗರಗಳ ತಜ್ಞರ ಬಳಿಗೆ ಹೋಗಬೇಕಾಗುವುದರಿಂದ, ರಕ್ತಸ್ರಾವದ ಸಾಧ್ಯತೆಯನ್ನು ಮೊದಲೇ ತಿಳಿದಿರುವುದು ಅಗತ್ಯ.

ಚಿಕಿತ್ಸೆಯ ಸಮಯದಲ್ಲಿಯೇ ಆಗುವ ರಕ್ತಸ್ರಾವವನ್ನು ವೈದ್ಯರು ಶಾಖದಿಂದ ಅಥವಾ ಕ್ಲಿಪ್ ಹಾಕಿ ಸಾಮಾನ್ಯವಾಗಿ ಅಲ್ಲಿಯೇ ನಿಲ್ಲಿಸುತ್ತಾರೆ. ಹೆಚ್ಚು ಗಮನ ಕೊಡಬೇಕಾದದ್ದು ನಂತರ ಆಗುವ ರಕ್ತಸ್ರಾವಕ್ಕೆ. ಗಂಟು ತೆಗೆದ ಜಾಗದಲ್ಲಿ ಹುಣ್ಣು ಉಳಿಯುತ್ತದೆ; ಜಠರದ ಆಮ್ಲ ತಗುಲಿ ಅಲ್ಲಿನ ರಕ್ತನಾಳ ಮತ್ತೆ ತೆರೆದುಕೊಳ್ಳಬಹುದು. ಇ.ಎಸ್.ಡಿ. ಮಾಡಿಸಿಕೊಂಡ 100 ಜನರಲ್ಲಿ ಸುಮಾರು 5 ಜನರಿಗೆ ಹೀಗಾಗುವುದುಂಟು. ಬಹುತೇಕ ಮೊದಲ ಎರಡು ದಿನಗಳಲ್ಲಿ, ಕೆಲವರಿಗೆ ಎರಡು ವಾರಗಳ ತರುವಾಯವೂ, ಅಂದರೆ ರೋಗಿಯು ಊರಿಗೆ ಮರಳಿದ ಮೇಲೆ.

ಗಂಟು 3 ಸೆಂ.ಮೀ.ಗಿಂತ ದೊಡ್ಡದಿದ್ದರೆ, ಜಠರದ ಕೆಳಭಾಗದಲ್ಲಿದ್ದರೆ, ರೋಗಿಯು ಡಯಾಲಿಸಿಸ್‌ನಲ್ಲಿದ್ದರೆ ಅಪಾಯ ಹೆಚ್ಚು. ಎಲ್ಲಕ್ಕಿಂತ ಮುಖ್ಯವಾದುದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳು: ವಾರ್ಫರಿನ್, ಕ್ಲೋಪಿಡೋಗ್ರೆಲ್, ಆಸ್ಪಿರಿನ್ ಮುಂತಾದವು. ಇವುಗಳನ್ನು ಸೇವಿಸುತ್ತಿರುವ ವಿಷಯವನ್ನು ಮುಚ್ಚಿಡತಕ್ಕದ್ದಲ್ಲ. ಹಾಗೆಂದು ಸ್ವಂತ ನಿರ್ಧಾರದಿಂದ ನಿಲ್ಲಿಸುವುದೂ ಸಲ್ಲದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಅದರಿಂದ ಪ್ರಾಣಾಪಾಯ ಒದಗಬಹುದು. ಯಾವುದನ್ನು ಎಷ್ಟು ದಿನ ನಿಲ್ಲಿಸಬೇಕೆಂಬುದನ್ನು ಇಬ್ಬರೂ ತಜ್ಞರು ಸೇರಿ ತೀರ್ಮಾನಿಸುವರು. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳನ್ನು ಅನೇಕರು ಔಷಧವೆಂದೇ ಎಣಿಸುವುದಿಲ್ಲ. ಅವನ್ನೂ ತಪ್ಪದೆ ತಿಳಿಸತಕ್ಕದ್ದು. ಚೀಟಿ ಇಲ್ಲದಿದ್ದಲ್ಲಿ ಮಾತ್ರೆಯ ಪಟ್ಟಿಯನ್ನೇ ಒಯ್ದು ತೋರಿಸಿದರೂ ಸಾಕು.

ಚಿಕಿತ್ಸೆಯ ನಂತರ ಮಲವು ಡಾಂಬರಿನಂತೆ ಕಪ್ಪಾಗಿ ಅಂಟಂಟಾಗುವುದು, ರಕ್ತ ಅಥವಾ ಕಾಫಿಪುಡಿಯಂತಹ ವಾಂತಿ, ತಲೆಸುತ್ತು, ತಣ್ಣನೆಯ ಬೆವರು ಕಂಡಲ್ಲಿ ಬೆಳಗಿನವರೆಗೆ ಕಾಯದೆ 108ಕ್ಕೆ ಕರೆ ಮಾಡಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತೆರಳತಕ್ಕದ್ದು. ಬಿಡುಗಡೆ ಪತ್ರ ಜೊತೆಗಿರಲಿ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಆದರೆ ಅದನ್ನು ನಿರ್ಣಯಿಸಬೇಕಾದವರು ವೈದ್ಯರು. ಆಮ್ಲ ತಗ್ಗಿಸುವ ಮಾತ್ರೆಗಳನ್ನು ವೈದ್ಯರು ಹೇಳಿದಷ್ಟು ವಾರಗಳೂ ಸೇವಿಸಬೇಕು. ಅನುಕೂಲವಿದ್ದವರು ಮೊದಲ ಕೆಲವು ದಿನ ಚಿಕಿತ್ಸೆ ಪಡೆದ ನಗರದಲ್ಲಿಯೇ ಉಳಿಯುವುದು ಲೇಸು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು 2018ರಿಂದ ಜಾರಿಯಲ್ಲಿದ್ದು, ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ.ವರೆಗೆ ಚಿಕಿತ್ಸಾ ಸೌಲಭ್ಯವಿರುತ್ತದೆ. ಸದರಿ ಚಿಕಿತ್ಸೆಯು ಯೋಜನೆಯ ಪಟ್ಟಿಯಲ್ಲಿದೆಯೇ ಎಂಬುದನ್ನು ದಾಖಲಾಗುವ ಮುನ್ನವೇ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ. ಆಧಾರ್, ಪಡಿತರ ಚೀಟಿ ಹಾಗೂ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಜೊತೆಗೊಯ್ಯುವುದು. ಹೆಚ್ಚಿನ ಮಾಹಿತಿಗೆ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಬಹುದಾಗಿದೆ.