ಹೋಮಿಯೋಪಥಿಯ ‘ರೆಪರ್ಟರಿ’ ಎಂದರೇನು? ಆ ದಪ್ಪ ಪುಸ್ತಕದಿಂದ ಔಷಧ ಆರಿಸುವುದು ಹೇಗೆ?

“ಮಂಡಿನೋವಿಗೆ ಈ ಗುಳಿಗೆ, ಶುಗರ್‌ಗೆ ಆ ಗುಳಿಗೆ, ದಿನಕ್ಕೆ ಮೂರು ಸಲ ನಾಲ್ಕು ನಾಲ್ಕು ಕಾಳು.” ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ನೀವಿದ್ದರೆ ಇಂಥ ಪಟ್ಟಿ ನಿಮಗೂ ಬಂದಿರಬಹುದು. ಜೊತೆಗೆ ಇನ್ನೊಂದು ಮಾತೂ ಇರುತ್ತದೆ: “ಹೋಮಿಯೋಪಥಿಯಲ್ಲಿ ಸಾವಿರಾರು ಲಕ್ಷಣಗಳನ್ನು ಪುಸ್ತಕದಲ್ಲಿ ತಾಳೆ ನೋಡಿ ಔಷಧ ಕೊಡುತ್ತಾರೆ, ಆದ್ದರಿಂದ ತಪ್ಪುವುದೇ ಇಲ್ಲ.”

ಸಂಕ್ಷಿಪ್ತ ಉತ್ತರ: ಪುಸ್ತಕ ಇರುವುದು ನಿಜ, ತಾಳೆ ನೋಡುವುದೂ ನಿಜ. ಆದರೆ ಪುಸ್ತಕದಲ್ಲಿ ಹೆಸರು ಸಿಕ್ಕ ಮಾತ್ರಕ್ಕೆ ಔಷಧ ಕೆಲಸ ಮಾಡುತ್ತದೆ ಎಂದಾಗುವುದಿಲ್ಲ.

ರೆಪರ್ಟರಿ ಎಂದರೇನು?

ರೆಪರ್ಟರಿ ಎಂದರೆ ಲಕ್ಷಣಗಳ ಸೂಚಿ. ಶಬ್ದಕೋಶದಲ್ಲಿ ಪದ ಹುಡುಕಿದರೆ ಅರ್ಥ ಸಿಗುವಂತೆ, ಇಲ್ಲಿ ಲಕ್ಷಣ ಹುಡುಕಿದರೆ ಔಷಧಗಳ ಹೆಸರು ಸಿಗುತ್ತವೆ. ಹೋಮಿಯೋಪಥಿಯನ್ನು ಆರಂಭಿಸಿದವರು ಜರ್ಮನಿಯ ಸ್ಯಾಮುಯೆಲ್ ಹಾನಿಮನ್. ಆರೋಗ್ಯವಂತರಲ್ಲಿ ಯಾವ ವಸ್ತು ಯಾವ ಲಕ್ಷಣ ತರುತ್ತದೋ, ಅದೇ ಲಕ್ಷಣವಿರುವ ರೋಗಿಗೆ ಆ ವಸ್ತುವೇ ಔಷಧ ಎಂಬುದು ಅವರ ವಾದ. ಹೀಗೆ ಬರೆದಿಟ್ಟ ಲಕ್ಷಣಗಳ ರಾಶಿ ಬೆಳೆದಂತೆ ಹುಡುಕಲು ಸೂಚಿ ಬೇಕಾಯಿತು. 1832ರಲ್ಲಿ ಬೋನಿಂಗ್‌ಹೌಸನ್ ಮೊದಲ ಮುದ್ರಿತ ರೆಪರ್ಟರಿ ತಂದರು. ಇಂದಿಗೂ ಹೆಚ್ಚು ಬಳಕೆಯಲ್ಲಿರುವ ಅಮೆರಿಕದ ಜೇಮ್ಸ್ ಟೈಲರ್ ಕೆಂಟ್ ಅವರ ರೆಪರ್ಟರಿ 1897ರಲ್ಲಿ ಬಂತು. ಈಗ ಇದೇ ಕೆಲಸಕ್ಕೆ ಸಾಫ್ಟ್‌ವೇರ್‌ಗಳೂ ಇವೆ.

ಕೆಂಟ್ ಅವರ ಪುಸ್ತಕ ‘ಮನಸ್ಸು’ ಎಂಬ ಅಧ್ಯಾಯದಿಂದ ಶುರುವಾಗಿ, ತಲೆ, ಕಣ್ಣು, ಹೊಟ್ಟೆ ಎಂದು ಸಾಗಿ, ಇಡೀ ದೇಹಕ್ಕೆ ಸಂಬಂಧಿಸಿದ ಅಧ್ಯಾಯದೊಂದಿಗೆ ಮುಗಿಯುತ್ತದೆ. ಒಂದೊಂದು ಲಕ್ಷಣದ ಸಾಲನ್ನು ‘ರುಬ್ರಿಕ್’ ಎನ್ನುತ್ತಾರೆ. ಅದರ ಮುಂದೆ ಔಷಧಗಳ ಹೆಸರಿರುತ್ತದೆ: ದಪ್ಪಕ್ಷರದಲ್ಲಿದ್ದರೆ 3 ಅಂಕ, ಓರೆಯಕ್ಷರಕ್ಕೆ 2, ಸಾದಾ ಅಕ್ಷರಕ್ಕೆ 1.

ಬಿಎಚ್‌ಎಂಎಸ್ ಪದವಿಯಲ್ಲಿ ರೆಪರ್ಟರಿ ಒಂದು ಪಠ್ಯವಿಷಯ. ಬೆಳಗಾವಿಯ ಹೋಮಿಯೋಪಥಿ ಕಾಲೇಜುಗಳಲ್ಲೂ ಇದನ್ನು ಕಲಿಸುತ್ತಾರೆ.

ಔಷಧ ಆರಿಸುವುದು ಹೇಗೆ?

ಒಂದು ಉದಾಹರಣೆ ಊಹಿಸಿಕೊಳ್ಳಿ. ಕಬ್ಬಿನ ಹೊಲದಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳಿಗೆ ಬಿಸಿಲಿಗೆ ಹೋದರೆ ತಲೆನೋವು. ವೈದ್ಯರು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಯಾವ ಹೊತ್ತಿನಲ್ಲಿ ಹೆಚ್ಚು? ಏನು ತಿನ್ನಲು ಆಸೆ? ದುಃಖವಾದಾಗ ಯಾರಾದರೂ ಸಮಾಧಾನ ಮಾಡಿದರೆ ಹೇಗನಿಸುತ್ತದೆ? ಹೀಗೆ ಅರ್ಧ ಗಂಟೆಗೂ ಹೆಚ್ಚು ಕೇಳಬಹುದು.

ಆಕೆಗೆ ಉಪ್ಪಿನ ಪದಾರ್ಥವೆಂದರೆ ಇಷ್ಟ, ಸಮಾಧಾನ ಮಾಡಿದರೆ ಸಿಟ್ಟು ಬರುತ್ತದೆ ಎಂದಿಟ್ಟುಕೊಳ್ಳಿ. ವೈದ್ಯರು ಮೂರು ರುಬ್ರಿಕ್ ತೆಗೆಯುತ್ತಾರೆ: ಬಿಸಿಲಿನಿಂದ ತಲೆನೋವು, ಉಪ್ಪಿನ ಆಸೆ, ಸಮಾಧಾನ ಮಾಡಿದರೆ ಕೆರಳುವುದು. ಮೂರರಲ್ಲೂ ಬರುವ, ಹೆಚ್ಚು ಅಂಕ ಪಡೆಯುವ ಔಷಧಗಳನ್ನು ಗುರುತಿಸುತ್ತಾರೆ. ನಂತರ ‘ಮೆಟೀರಿಯಾ ಮೆಡಿಕಾ’ ಎಂಬ ಔಷಧ ವಿವರಣೆಯ ಪುಸ್ತಕದಲ್ಲಿ ಅವುಗಳ ವರ್ಣನೆ ಓದಿ ಒಂದನ್ನು ಆರಿಸುತ್ತಾರೆ. ಈ ಉದಾಹರಣೆಯಲ್ಲಿ ಮುಂದೆ ಬರುವ ಹೆಸರು ‘ನ್ಯಾಟ್ರಮ್ ಮ್ಯೂರ್’.

ನ್ಯಾಟ್ರಮ್ ಮ್ಯೂರ್ ಎಂದರೆ ನಮ್ಮ ಅಡುಗೆ ಉಪ್ಪು! ಆಕೆ ದಿನವೂ ರೊಟ್ಟಿ-ಪಲ್ಯದ ಜೊತೆ ತಿನ್ನುವುದೂ ಅದನ್ನೇ.

ಅಂದರೆ ‘ಇಂಥ ರೋಗಕ್ಕೆ ಇಂಥ ಗುಳಿಗೆ’ ಎಂಬ ಫಾರ್ವರ್ಡ್ ಪಟ್ಟಿ ಹೋಮಿಯೋಪಥಿಯ ಈ ಪದ್ಧತಿಗೂ ಹೊಂದುವುದಿಲ್ಲ. ರೆಪರ್ಟರಿ ಪ್ರಕಾರ ಒಂದೇ ತಲೆನೋವಿಗೆ ಇಬ್ಬರಿಗೆ ಬೇರೆ ಬೇರೆ ಔಷಧ ಬರಬಹುದು.

ಗುಳಿಗೆಯಲ್ಲಿ ಏನಿರುತ್ತದೆ?

ಸಾಮಾನ್ಯವಾಗಿ ಕೊಡುವ ‘30ಸಿ’ ಎಂದರೆ ಮೂಲ ವಸ್ತುವನ್ನು ನೂರಕ್ಕೆ ಒಂದು ಪಾಲಿನಂತೆ 30 ಸಲ ತೆಳುಗೊಳಿಸಿದ್ದು. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ ನೆನಪಿಸಿಕೊಳ್ಳಿ. ತುಂಬಿದಾಗ ಅದರಲ್ಲಿ ಸುಮಾರು 51 ಟಿಎಂಸಿ ನೀರು. ಅಷ್ಟು ನೀರಿಗೆ ಒಂದು ಹನಿ ಔಷಧ ಬೆರೆಸಿದರೆ ಅದು ಹೆಚ್ಚುಕಡಿಮೆ ‘8ಸಿ’ಗೆ ಸಮ. 30ಸಿ ಮುಟ್ಟಲು ಇನ್ನೂ 22 ಸಲ ನೂರು ಪಟ್ಟು ತೆಳು ಮಾಡಬೇಕು. ಸುಮಾರು 12ಸಿ ದಾಟಿದ ಮೇಲೆ ಮೂಲ ವಸ್ತುವಿನ ಒಂದು ಅಣುವೂ ಉಳಿಯುವ ಸಾಧ್ಯತೆ ಕಡಿಮೆ.

2015ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಲಭ್ಯ ಸಂಶೋಧನೆಗಳನ್ನು ಪರಿಶೀಲಿಸಿತು. ಹೋಮಿಯೋಪಥಿ ಪರಿಣಾಮಕಾರಿ ಎನ್ನಲು ನಂಬಲರ್ಹ ಪುರಾವೆ ಯಾವ ಕಾಯಿಲೆಯ ವಿಷಯದಲ್ಲೂ ಇಲ್ಲ ಎಂಬ ತೀರ್ಮಾನಕ್ಕೆ ಬಂತು.

ಹಾಗಾದರೆ ಕೆಲವರಿಗೆ ಗುಣವಾಗುವುದೇಕೆ?

ನೆಗಡಿ, ಸಣ್ಣ ಜ್ವರ ತಾವಾಗಿಯೇ ಹೋಗುತ್ತವೆ. ಮಂಡಿನೋವು, ಅಲರ್ಜಿ, ತಲೆನೋವು ಏರುತ್ತ ಇಳಿಯುತ್ತ ಇರುತ್ತವೆ. ಜನ ಔಷಧ ಶುರು ಮಾಡುವುದು ನೋವು ಏರಿದಾಗ, ಆಮೇಲೆ ಅದು ಇಳಿಯುವುದು ಸಹಜ. ಮೇಲಾಗಿ, ಒಬ್ಬರು ಕೂತು ನಮ್ಮ ಕಷ್ಟವನ್ನು ಪೂರ್ತಿ ಕೇಳಿದರೆ ಮನಸ್ಸಿಗೆ ಹಗುರವಾಗುತ್ತದೆ. ಅದು ಸುಳ್ಳಲ್ಲ. ಆದರೆ ಅದು ಗುಳಿಗೆಯ ಗುಣವಲ್ಲ.

ಅಪಾಯ ಎಲ್ಲಿದೆ?

ರೆಪರ್ಟರಿಯ ಪ್ರಶ್ನೆಗಳು ಲಕ್ಷಣ ಕೂಡಿಸುತ್ತವೆ, ಕಾರಣ ಹುಡುಕುವುದಿಲ್ಲ. ಎದೆನೋವು ಗ್ಯಾಸೋ ಹೃದಯಾಘಾತವೋ ಎಂದು ತಿಳಿಯಲು ಇಸಿಜಿ ಬೇಕು. ಜ್ವರ ಡೆಂಗಿಯೋ ಎಂದು ತಿಳಿಯಲು ರಕ್ತ ಪರೀಕ್ಷೆ ಬೇಕು. ಹೊಲದಲ್ಲಿ ವಿಷದ ಹಾವು ಕಚ್ಚಿದರೆ ಬೇಕಾದದ್ದು ಪ್ರತಿವಿಷ.

‘ಹೋಮಿಯೋಪಥಿಯಲ್ಲಿ ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ’ ಎಂಬುದೂ ಪೂರ್ತಿ ಸರಿಯಲ್ಲ. ಹೆಚ್ಚು ತೆಳುಗೊಳಿಸದ ಔಷಧಗಳಲ್ಲಿ ಮೂಲ ವಸ್ತು ಉಳಿದಿರುತ್ತದೆ. 2017ರಲ್ಲಿ ಅಮೆರಿಕದ ಎಫ್‌ಡಿಎ, ಹಲ್ಲು ಹುಟ್ಟುವ ಮಕ್ಕಳಿಗೆಂದು ಮಾರುತ್ತಿದ್ದ ಕೆಲವು ಹೋಮಿಯೋಪಥಿ ಗುಳಿಗೆಗಳಲ್ಲಿ ಬೆಲ್ಲಡೋನ ಎಂಬ ವಿಷಸಸ್ಯದ ಪ್ರಮಾಣ ಏರುಪೇರಾಗಿರುವುದನ್ನು ಪತ್ತೆ ಮಾಡಿತು.

ಫಾರ್ವರ್ಡ್ ಮಾಡುವ ಮುನ್ನ

- ಶುಗರ್, ಬಿಪಿ, ಫಿಟ್ಸ್, ಟಿಬಿ, ಥೈರಾಯ್ಡ್ ಮಾತ್ರೆಗಳನ್ನು ಕೊಟ್ಟ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ನಿಲ್ಲಿಸಿ ಎನ್ನುವ ಸಂದೇಶವನ್ನು ಮುಂದೆ ಕಳಿಸಬೇಡಿ.
- ಎದೆನೋವು, ಉಸಿರಾಟದ ತೊಂದರೆ, ಹಾವು ಕಡಿತ, ಮಗುವಿಗೆ ಇಳಿಯದ ಜ್ವರ ಇದ್ದರೆ ಗುಳಿಗೆ ಕೊಟ್ಟು ಕಾಯಬೇಡಿ. 108ಕ್ಕೆ ಕರೆ ಮಾಡಿ.
- ಹೋಮಿಯೋಪಥಿ ವೈದ್ಯರಲ್ಲಿಗೆ ಹೋಗುವುದಾದರೆ ಅವರ ಪದವಿ, ನೋಂದಣಿ ನೋಡಿ. ನೀವು ಈಗಾಗಲೇ ತೆಗೆದುಕೊಳ್ಳುತ್ತಿರುವ ಔಷಧಗಳನ್ನು ಮುಚ್ಚಿಡದೆ ಹೇಳಿ.

ನಿಮ್ಮ ಗುಂಪಿನಲ್ಲಿ ಮತ್ತೆ ಅಂಥ ಪಟ್ಟಿ ಬಂದರೆ ಈ ಲೇಖನವನ್ನು ಅದರ ಕೆಳಗೆ ಹಾಕಿ.