ಜಲಪಾತಗಳ ಪ್ರಭೇದಗಳೂ ಅವುಗಳ ಆಯುರ್ದಾಯವೂ

ನಾವು ಈಗ ‘ಜಲಪ್ರಪಾತ’ವೆಂದು ಒಂದೇ ಶಬ್ದದಿಂದ ವ್ಯವಹರಿಸುವ ವಸ್ತುವಿನಲ್ಲಿ ಎರಡು ಪದಾರ್ಥಗಳು ಕೂಡಿವೆ. ಅಮರಕೋಶದ ಶೈಲವರ್ಗವನ್ನು ನೋಡಿದರೆ ಪ್ರಪಾತ, ಅತಟ, ಭೃಗು ಎಂಬ ಹೆಸರುಗಳು ಕಾಲೂರಲು ಎಡೆಯಿಲ್ಲದ ಕಡಿದಾದ ಬಂಡೆಗೆ ಸಲ್ಲತಕ್ಕವು. ನೀರಿಗೆ ಅಲ್ಲಿ ನಿರ್ಝರ, ಝರ ಎಂಬ ಬೇರೆ ಹೆಸರುಗಳಿವೆ. ಬಂಡೆ, ನೀರು ಎರಡೂ ಕೂಡಿದಲ್ಲದೆ ಜಲಪಾತವುಂಟಾಗದು. ಲೋಕದ ಜಲಪಾತಗಳನ್ನು ವಿಂಗಡಿಸಿದ ಪಂಡಿತರೂ ಈ ಎರಡು ದಾರಿಗಳನ್ನೇ ಹಿಡಿದಿದ್ದಾರೆ. ಕೆಲವರು ಬೀಳುವ ನೀರಿನ ಆಕಾರವನ್ನು ನೋಡಿ ಹೆಸರಿಟ್ಟರು. ಮತ್ತೆ ಕೆಲವರು ಆ ಕಡಿದಾದ ಬಂಡೆಯು ಅಲ್ಲಿ ಹೇಗೆ ಉಂಟಾಯಿತೆಂದು ವಿಚಾರಿಸಿದರು. ಮೊದಲನೆಯದು ಕಣ್ಣಿನ ಕೆಲಸ. ಎರಡನೆಯದು ಚರಿತ್ರೆಯ ಕೆಲಸ.

ಆಕಾರದಿಂದ ಮಾಡಿದ ವಿಭಾಗವನ್ನು ಮೊದಲು ಸಂಕ್ಷೇಪವಾಗಿ ಹೇಳುತ್ತೇನೆ. ಹೊಳೆಯು ತನ್ನ ಅಗಲದಷ್ಟೂ ಒಂದೇ ತೆರೆಯಾಗಿ ಇಳಿಯುವುದು ಒಂದು ಬಗೆ. ಬಂಡೆಯನ್ನು ಸೋಂಕದೆ ಅಂತರಾಳದಲ್ಲಿ ನೇರವಾಗಿ ಧುಮುಕುವುದು ಎರಡನೆಯದು. ದಕ್ಷಿಣ ಅಮೆರಿಕದ ವೆನೆಜುವೇಲಾ ದೇಶದಲ್ಲಿ ಮೇಜಿನಂತೆ ಚಪ್ಪಟೆಯಾದ ಬೆಟ್ಟವೊಂದರಿಂದ ಬೀಳುವ ಏಂಜೆಲ್ ಜಲಪಾತವು ಈ ಬಗೆಯದು. ಅದರ ಒಟ್ಟು ಎತ್ತರ 3,212 ಅಡಿ. ಅದರಲ್ಲಿ ತಡೆಯಿಲ್ಲದ ಒಂದೇ ನೆಗೆತ 2,648 ಅಡಿ. ಬಂಡೆಯ ಮೈಗೆ ಅಂಟಿಕೊಂಡು ಕುದುರೆಯ ಬಾಲದಂತೆ ಹರಡುತ್ತ ಜಾರುವುದು ಮೂರನೆಯ ಬಗೆ. ಸೋಪಾನಪಂಕ್ತಿಯ ಮೇಲೆ ನಡೆದಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು ನಾಲ್ಕನೆಯದು. ಅಂಚಿನಲ್ಲಿಯೇ ಕವಲೊಡೆದು ಬೇರೆ ಬೇರೆ ಧಾರೆಗಳಾಗಿ ಬೀಳುವುದು ಐದನೆಯದು. ನಮ್ಮ ಶರಾವತಿಯು ಜೋಗದಲ್ಲಿ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳಾಗಿ 830 ಅಡಿ ಇಳಿಯುವುದನ್ನು ಕಂಡವರಿಗೆ ಈ ಐದನೆಯ ಬಗೆಯನ್ನು ವಿವರಿಸಬೇಕಾದುದಿಲ್ಲ.

ಆದರೆ ಈ ವಿಭಾಗಕ್ಕೆ ಒಂದು ಕೊರತೆಯುಂಟು. ನೀರಿನ ಆಕಾರವು ಋತುವಿನೊಡನೆ ಬದಲಾಗುತ್ತದೆ. ಶ್ರಾವಣದಲ್ಲಿ ಒಂದೇ ತೆರೆಯಾಗಿ ಬಿದ್ದ ಹೊಳೆಯು ಚೈತ್ರದಲ್ಲಿ ನಾಲ್ಕು ಎಳೆಗಳಾಗಬಹುದು. ಬಂಡೆಯ ಜನ್ಮವೃತ್ತಾಂತವಾದರೋ ಹಾಗೆ ಬದಲಾಗತಕ್ಕದ್ದಲ್ಲ. ಆದಕಾರಣ ಭೂಗರ್ಭಶಾಸ್ತ್ರಜ್ಞರು ಎರಡನೆಯ ದಾರಿಯನ್ನು ಹಿಡಿದರು. ಆ ದಾರಿಯಲ್ಲಿ ಹೋದವರಿಗೆ ಜಲಪಾತಕ್ಕೆ ಜನ್ಮವಿರುವಂತೆ ಮರಣವೂ ಉಂಟೆಂಬ ಸಂಗತಿ ತಿಳಿಯಿತು.

ಮೊದಲನೆಯ ಪ್ರಭೇದಕ್ಕೆ ನಯಾಗರವೇ ಪ್ರಸಿದ್ಧವಾದ ಉದಾಹರಣೆ. ಹೆನೆಪಿನ್ ಎಂಬ ಪಾದ್ರಿಯು 1678ರಲ್ಲಿ ಇದನ್ನು ಕಂಡು, 1683ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಇದರ ಎತ್ತರವು 500 ಅಡಿಗೂ ಹೆಚ್ಚೆಂದು ಬರೆದನು. 1697ರ ಗ್ರಂಥದಲ್ಲಿ ಅದನ್ನು 600 ಅಡಿಗೆ ಏರಿಸಿದನು. ವಾಸ್ತವದಲ್ಲಿ ಅದು 190 ಅಡಿಯನ್ನು ಮುಟ್ಟುವುದಿಲ್ಲ. ಇದರ ಮಹತ್ತ್ವವು ಎತ್ತರಕ್ಕಿಂತ ಹೆಚ್ಚಾಗಿ ರಚನೆಯಲ್ಲಿದೆ. ಮೇಲೆ ಗಟ್ಟಿಯಾದ ಸುಣ್ಣಗಲ್ಲಿನ ಜಾತಿಯ ಪದರ. ಕೆಳಗೆ ಜೇಡಿಯು ಕಲ್ಲಾಗಿ ಹೆಪ್ಪುಗಟ್ಟಿದ ಮೆದುವಾದ ಪದರ. ಬಿದ್ದ ನೀರು ಮಡುವಿನಲ್ಲಿ ಸುತ್ತಿ ಮೆದುಕಲ್ಲನ್ನು ಕೊರೆಯುತ್ತದೆ. ಆಧಾರ ತಪ್ಪಿದ ಮೇಲುಗಲ್ಲು ಒಡೆದು ಬೀಳುತ್ತದೆ. ಜಲಪಾತವು ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತದೆ. ಹೀಗೆ ಸರಿದು ಸರಿದು ಅದು ತನ್ನ ಮುಂದೆ ಸುಮಾರು ಏಳು ಮೈಲಿಯ ಕಮರಿಯನ್ನು ಬಿಟ್ಟು ಬಂದಿದೆ. ಚಾರ್ಲ್ಸ್ ಲಯೆಲ್ ಎಂಬ ಬ್ರಿಟಿಷ್ ಪಂಡಿತನು 1841ರಲ್ಲಿ ಅಲ್ಲಿಗೆ ಹೋಗಿ, ವರ್ಷಕ್ಕೆ ಒಂದು ಅಡಿಯ ಲೆಕ್ಕವನ್ನು ಹಿಡಿದು, ಈ ಕಮರಿಯು ತೋಡಲ್ಪಡಲು 35,000 ವರ್ಷಗಳು ಬೇಕಾಗಿರಬೇಕೆಂದು ಗಣಿಸಿದನು. ಹಿಂದೆ ಸರಿಯುವ ವೇಗವು ಅದಕ್ಕಿಂತ ಹೆಚ್ಚಾಗಿತ್ತೆಂದು ಗೊತ್ತಾದುದರಿಂದ ಈಗ ಪಂಡಿತರು ಸುಮಾರು 12,000 ವರ್ಷಗಳೆಂದು ಹೇಳುತ್ತಾರೆ. ಸಂಖ್ಯೆಯು ತಿದ್ದಲ್ಪಟ್ಟರೂ ಕ್ರಮವು ನಿಂತಿತು. ಬಂಡೆಯನ್ನು ಪಂಚಾಂಗದಂತೆ ಓದಬಹುದೆಂಬುದನ್ನು ಲೋಕಕ್ಕೆ ತೋರಿಸಿಕೊಟ್ಟ ಸ್ಥಳಗಳಲ್ಲಿ ನಯಾಗರವೂ ಒಂದು.

ಎರಡನೆಯ ಪ್ರಭೇದವು ಹಿಮನದಿಗಳಿಂದ ಹುಟ್ಟಿದ್ದು. ದೊಡ್ಡ ಕಣಿವೆಯಲ್ಲಿ ಮೆಲ್ಲಗೆ ಸರಿಯುವ ಭಾರವಾದ ಹಿಮವು ನೆಲವನ್ನು ಆಳವಾಗಿ ಕೆತ್ತುತ್ತದೆ. ಪಕ್ಕದಿಂದ ಬಂದು ಸೇರುವ ಚಿಕ್ಕ ಕಣಿವೆಯ ಹಿಮಕ್ಕೆ ಅಷ್ಟು ಬಲವಿರುವುದಿಲ್ಲ. ಹಿಮವು ಕರಗಿಹೋದ ಮೇಲೆ ಚಿಕ್ಕ ಕಣಿವೆಯ ಬಾಯಿಯು ಗೋಡೆಯ ನಡುವಿನ ಗೂಡಿನಂತೆ ಎತ್ತರದಲ್ಲಿ ಉಳಿಯುತ್ತದೆ. ಅದರ ಹೊಳೆಯು ಅಲ್ಲಿಂದ ಕೆಳಕ್ಕೆ ಬೀಳುತ್ತದೆ. ಸ್ವಿಟ್ಜರ್ಲೆಂಡಿನ ಸ್ಟೌಬಾಖ್, ಕ್ಯಾಲಿಫೋರ್ನಿಯಾದ 2,425 ಅಡಿಯ ಯೊಸೆಮಿಟಿ ಇವು ಈ ಬಗೆಯವು. ಯೊಸೆಮಿಟಿಯ ವಿಷಯದಲ್ಲಿ ಒಂದು ವಾದವು ನಡೆಯಿತು. ಆ ಪ್ರಾಂತ್ಯದ ಭೂಗರ್ಭಪರೀಕ್ಷಣದ ಮುಖ್ಯಾಧಿಕಾರಿಯಾಗಿದ್ದ ಜೋಸಾಯ ವಿಟ್ನಿಯು ಕಣಿವೆಯ ತಳವು ಹಠಾತ್ತಾಗಿ ಕುಸಿದುದರಿಂದ ಅದು ಉಂಟಾಯಿತೆಂದು ಸಾಧಿಸಿದನು. ಅಧಿಕಾರವಾಗಲಿ ಪದವಿಯಾಗಲಿ ಇಲ್ಲದೆ ಆ ಕಣಿವೆಯಲ್ಲಿ ಅಲೆಯುತ್ತಿದ್ದ ಜಾನ್ ಮ್ಯೂರನು, ಬಂಡೆಯ ಮೇಲಿನ ಗೀರುಗಳನ್ನೂ ನುಣುಪನ್ನೂ ಸಾಕ್ಷಿಯಾಗಿಟ್ಟು, ಇದು ಹಿಮದ ಕೆಲಸವೆಂದು 1871ರಲ್ಲಿ ಬರೆದನು. ಹಿಮದ ವ್ಯಾಪ್ತಿಯನ್ನು ಅವನು ಹೆಚ್ಚಾಗಿ ಎಣಿಸಿದ್ದರೂ ಮುಖ್ಯವಾದ ವಿಷಯದಲ್ಲಿ ಅವನ ಪಕ್ಷವೇ ಗೆದ್ದಿತು.

ಮೂರನೆಯದು ಬಂಡೆಯ ಬಿರುಕಿನಿಂದ ಹುಟ್ಟುವ ಪ್ರಭೇದ. ಆಫ್ರಿಕಾ ಖಂಡದ ಜಾಂಬೇಜಿ ನದಿಯು 5,600 ಅಡಿಯಷ್ಟು ಅಗಲವಾಗಿ ಹರಿದು ಬಂದು, ಅಡ್ಡಲಾಗಿರುವ ಇಕ್ಕಟ್ಟಾದ ಸೀಳಿನೊಳಕ್ಕೆ 350 ಅಡಿಗೂ ಹೆಚ್ಚಾಗಿ ಇಳಿಯುತ್ತದೆ. 1855ರ ನವೆಂಬರಿನಲ್ಲಿ ಇದನ್ನು ಕಂಡ ಲಿವಿಂಗ್‌ಸ್ಟನ್ನನು ತನ್ನ ರಾಣಿಯ ಹೆಸರನ್ನು ಇದಕ್ಕಿಟ್ಟನು. ಆ ನೆಲದ ಜನರು ಅದಕ್ಕಿಂತ ಮೊದಲೇ ಇದನ್ನು ‘ಮೋಸಿ-ಓವಾ-ತುನ್ಯಾ’, ಎಂದರೆ ‘ಗುಡುಗುವ ಹೊಗೆ’ ಎಂದು ಕರೆಯುತ್ತಿದ್ದರು. ಅಗ್ನಿಶಿಲೆಯ ಬಿರುಕುಗಳಲ್ಲಿ ತುಂಬಿಕೊಂಡಿದ್ದ ಮೆದುವಾದ ದ್ರವ್ಯವನ್ನು ನದಿಯು ಕೊರೆದು ತೆಗೆದುದರಿಂದ ಈ ಸೀಳು ಉಂಟಾಯಿತು. ಇದರ ಕೆಳಗೆ ನದಿಯು ಅತ್ತಿತ್ತ ತಿರುಗುತ್ತ ಒಂದಾದ ಮೇಲೊಂದು ಕಮರಿಗಳಲ್ಲಿ ಹರಿಯುತ್ತದೆ. ಅವುಗಳಲ್ಲಿ ಪ್ರತಿಯೊಂದು ತಿರುವೂ ಒಂದು ಕಾಲದಲ್ಲಿ ಜಲಪಾತದ ಅಂಚಾಗಿದ್ದಿತು. ಈಗಿನ ಅಂಚಿನ ಪಶ್ಚಿಮದ ಕೊನೆಯಲ್ಲಿ ನೀರು ಮತ್ತೊಂದು ಬಿರುಕನ್ನು ಕೊರೆಯಲಾರಂಭಿಸಿದೆ. ಮುಂದಿನ ಜಲಪಾತದ ನೆಲೆಯು ಈಗಲೇ ಗೊತ್ತಾಗಿದೆಯೆಂದು ಹೇಳಬಹುದು.

ಇನ್ನು ನೀರೇ ಇಲ್ಲದ ಜಲಪಾತವೂ ಒಂದುಂಟು. ಅಮೆರಿಕದ ವಾಷಿಂಗ್ಟನ್ ಪ್ರಾಂತ್ಯದಲ್ಲಿ ಮೂರೂವರೆ ಮೈಲಿ ಅಗಲ, 400 ಅಡಿ ಎತ್ತರದ ಒಂದು ಕಡಿದಾದ ಗೋಡೆಯಿದೆ, ಅದರ ಬುಡದಲ್ಲಿ ಮಡುಗಳಿವೆ, ಹೊಳೆಯಿಲ್ಲ. ಹಿಂದೆ ಪಾಠಶಾಲೆಯಲ್ಲಿ ಉಪಾಧ್ಯಾಯನಾಗಿದ್ದು ಆಮೇಲೆ ಭೂಗರ್ಭಶಾಸ್ತ್ರವನ್ನು ಹಿಡಿದ ಹಾರ್ಲೆನ್ ಬ್ರೆಟ್ಸ್ ಎಂಬಾತನು, ಈ ಸೀಮೆಯೆಲ್ಲವೂ ಒಂದು ಮಹಾಪ್ರವಾಹದಿಂದ ಕೊಚ್ಚಲ್ಪಟ್ಟುದೆಂದು 1923ರಲ್ಲಿ ಬರೆದನು. ವಿದ್ವತ್ಸಭೆಗಳು ಅವನನ್ನು ದಶಕಗಳ ಕಾಲ ನಂಬಲಿಲ್ಲ. ಹಿಮಯುಗದಲ್ಲಿ ಹಿಮದ ಅಣೆಕಟ್ಟೊಂದು ಪದೇ ಪದೇ ಒಡೆದು, ಮಿಸೂಲಾ ಎಂಬ ಮಹಾಸರೋವರವು ಬರಿದಾಗುತ್ತಿತ್ತೆಂಬುದು ಕಾಲಾಂತರದಲ್ಲಿ ಸಿದ್ಧವಾಯಿತು. ಅಮೆರಿಕದ ಭೂಗರ್ಭಶಾಸ್ತ್ರ ಸಂಘವು 1979ರಲ್ಲಿ, ತೊಂಬತ್ತನ್ನು ದಾಟಿದ್ದ ಆ ವೃದ್ಧನಿಗೆ ತನ್ನ ಪೆನ್‌ರೋಸ್ ಪದಕವನ್ನು ಕೊಟ್ಟು ಗೌರವಿಸಿತು.

ಇದುವರೆಗೆ ಹೇಳಿದ್ದು ಪ್ರಕೃತಿಯು ಮಾಡಿದ ಕೆಲಸ. 19ನೆಯ ಶತಮಾನದ ಅಂತ್ಯದಿಂದ ಜಲಪಾತಗಳ ಚರಿತ್ರೆಯಲ್ಲಿ ಮನುಷ್ಯನ ಕೈಯೂ ಸೇರಿತು. 1895ರಲ್ಲಿ ನಯಾಗರದಲ್ಲಿ ದೊಡ್ಡ ವಿದ್ಯುದಾಗಾರವು ಕೆಲಸವನ್ನಾರಂಭಿಸಿತು. ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯು ಹರಿಯಿತು. 1948ರಲ್ಲಿ ಜೋಗದ ವಿದ್ಯುದಾಗಾರವೂ, 1964ರಲ್ಲಿ ಅದರ ಮೇಲುಗಡೆಯ ಲಿಂಗನಮಕ್ಕಿ ಅಣೆಕಟ್ಟೂ ಸಿದ್ಧವಾದವು. ಆ ಮೊದಲು ಮಳೆಯೊಂದೇ ಶರಾವತಿಯ ಧಾರೆಗಳನ್ನು ಅಳೆಯುತ್ತಿತ್ತು. ಆಮೇಲೆ ಅಣೆಕಟ್ಟಿನ ಬಾಗಿಲೂ ಅವುಗಳನ್ನು ಅಳೆಯಲಾರಂಭಿಸಿತು.

ಈ ವಿಷಯದಲ್ಲಿ ಎರಡು ದೃಷ್ಟಾಂತಗಳನ್ನು ವಾಚಕರ ಮುಂದಿಡುತ್ತೇನೆ. 1950ರಲ್ಲಿ ಅಮೆರಿಕ, ಕೆನಡಾ ದೇಶಗಳು ಒಂದು ಒಡಂಬಡಿಕೆಯನ್ನು ಮಾಡಿಕೊಂಡವು. ಪ್ರವಾಸಿಗರು ಬರುವ ತಿಂಗಳುಗಳಲ್ಲಿ ಹಗಲು ಹೊತ್ತು ನಯಾಗರದ ಅಂಚನ್ನು ದಾಟುವ ನೀರು ಸೆಕೆಂಡಿಗೆ 1,00,000 ಘನ ಅಡಿಗೆ ಕಡಮೆಯಾಗಕೂಡದು. ಉಳಿದ ಹೊತ್ತಿನಲ್ಲಿ 50,000 ಘನ ಅಡಿಗೆ ಕಡಮೆಯಾಗಕೂಡದು. ಮಿಕ್ಕುದನ್ನು ಯಂತ್ರಗಳಿಗೆ ಬಳಸಬಹುದು. 1969ರಲ್ಲಿ ಅಮೆರಿಕದ ಕಡೆಯ ಭಾಗವನ್ನು ಕೆಲವು ತಿಂಗಳು ಒಣಗಿಸಿ, ಬುಡದಲ್ಲಿ ಬಿದ್ದಿದ್ದ ಬಂಡೆಗಳನ್ನು ತೆಗೆದುಹಾಕಬೇಕೇ ಎಂದು ಪರೀಕ್ಷಿಸಿದರು. ವಿಚಾರ ಮಾಡಿದ ಮೇಲೆ ಅದನ್ನು ಅದರ ಸ್ವಭಾವಕ್ಕೇ ಬಿಡುವುದೆಂದು ನಿಶ್ಚಯವಾಯಿತು. ಎರಡನೆಯ ದೃಷ್ಟಾಂತವು ಬ್ರೆಜಿಲ್, ಪರಾಗ್ವೆ ದೇಶಗಳ ಎಲ್ಲೆಯಲ್ಲಿ ಪರಾನಾ ನದಿಯಲ್ಲಿದ್ದ ಗ್ವಾಯಿರಾ ಜಲಪಾತ. ‘ಏಳು ಜಲಪಾತಗಳು’ ಎಂಬ ಹೆಸರೂ ಅದಕ್ಕಿತ್ತು. ಬೀಳುವ ನೀರಿನ ರಾಶಿಯಲ್ಲಿ ಅದು ಲೋಕದ ಅತಿ ದೊಡ್ಡ ಜಲಪಾತಗಳಲ್ಲೊಂದು. ಇಟೈಪು ಅಣೆಕಟ್ಟಿನ ಬಾಗಿಲುಗಳನ್ನು 1982ರ ಅಕ್ಟೋಬರಿನಲ್ಲಿ ಮುಚ್ಚಿದಾಗ ಸರೋವರವು ಎರಡೇ ವಾರಗಳಲ್ಲಿ ತುಂಬಿ ಅದನ್ನು ಮುಳುಗಿಸಿತು. ಬ್ರೆಜಿಲಿನ ಕವಿ ಡ್ರುಮೊಂಡ್‌ನು ಅದಕ್ಕೆ ವಿದಾಯವನ್ನು ಹೇಳುವ ಒಂದು ಕವಿತೆಯನ್ನು ಬರೆದು ಪತ್ರಿಕೆಯಲ್ಲಿ ಪ್ರಕಟಿಸಿದನು.

ವಿದ್ಯುಚ್ಛಕ್ತಿಯನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. ದೀಪದ ಬೆಳಕಿನಲ್ಲಿ ಓದುವವರು ದೀಪಕ್ಕೆ ಎಣ್ಣೆಯೆರೆದವರನ್ನು ಹಳಿಯುವುದು ಧರ್ಮವಾಗದು. ಇಟೈಪುವಿನ ಶಕ್ತಿಯಿಂದ ಎರಡು ದೇಶಗಳು ಪ್ರಯೋಜನವನ್ನು ಪಡೆದುವು. ಆದರೆ ನಯಾಗರದ ಒಡಂಬಡಿಕೆಯಲ್ಲಿ ಎರಡು ರಾಜ್ಯಗಳ ಪಾಲುಗಳೊಡನೆ ಜಲಪಾತಕ್ಕೂ ಒಂದು ಪಾಲನ್ನು ಅಂಕಿಗಳಿಂದ ಬರೆದಿಟ್ಟರು. ಗ್ವಾಯಿರಾಕ್ಕೆ ಅಂಥ ಪಾಲು ದೊರೆಯಲಿಲ್ಲ. ಸಾವಿರಾರು ವರ್ಷ ಬಾಳಬಹುದಾಗಿದ್ದ ಜಲಪಾತದ ಆಯುಸ್ಸು ಹದಿನಾಲ್ಕು ದಿನಗಳಲ್ಲಿ ತೀರಿತು.

ನದಿಗಳ ಮೇಲೆ ಹೊಸ ಯೋಜನೆಗಳನ್ನು ಹೂಡುವಾಗ ಎಂಜಿನಿಯರುಗಳು ನೀರಿನ ಲೆಕ್ಕವನ್ನೂ ಬೀಳುವಿನ ಎತ್ತರವನ್ನೂ ತಪ್ಪದೆ ಬರೆಯುತ್ತಾರೆ. ಅದೇ ಪುಟದಲ್ಲಿ, ಈ ಜಲಪಾತವು ಯಾವ ಪ್ರಭೇದದ್ದು, ಯಾವ ಕ್ರಮದಿಂದ ಎಷ್ಟು ಸಾವಿರ ವರ್ಷಗಳಲ್ಲಿ ಉಂಟಾಯಿತು, ಅದರ ಅಂಚಿನ ಮೇಲೆ ಯಾವ ತಿಂಗಳಲ್ಲಿ ಎಷ್ಟು ನೀರನ್ನು ಬಿಡತಕ್ಕದ್ದು ಎಂಬ ಮೂರು ಸಾಲುಗಳನ್ನೂ ಸೇರಿಸುವಂತಾಗಬೇಕು. ಹಿಮಯುಗವು ಮಾಡಿಟ್ಟ ವಸ್ತುವನ್ನು ಮತ್ತೆ ಮಾಡಿಸಿಕೊಡುವ ಶಿಲ್ಪಿಗಳು ನಮ್ಮಲ್ಲಿಲ್ಲ.