ಕಂಬದಹಳ್ಳಿಯ ದುಂಡು ಗೋಪುರ

ನಾಗಮಂಗಲದ ಕಡೆ ನೆಂಟರಿಲ್ಲದ ಮನೆ ನಮ್ಮಲ್ಲಿ ಯಾವುದಿದೆ ಹೇಳಿ? ಆದಿಚುಂಚನಗಿರಿಗೆ ಹೋಗ್ತೀವಿ, ಬಿಂಡಿಗನವಿಲೆ ಗರುಡನಿಗೆ ಕೈ ಮುಗಿದು ಬರ್ತೀವಿ. ಅಲ್ಲೇ ಹತ್ತಿರದ ಕಂಬದಹಳ್ಳಿಗೆ ಮಾತ್ರ "ಅದು ಜೈನರ ಬಸದಿ, ಅಲ್ಲಿ ನಮಗೇನು ಕೆಲಸ" ಅಂತ ಬಿಟ್ಟುಬಿಡ್ತೀವಿ. ಹಂಗೆ ಬಿಡೋ ಜಾಗ ಅಲ್ಲ ಕಣ್ರವ್ವ ಅದು.

ಊರಿಗೆ ಹೆಸರು ಬಂದಿರೋದೇ ಬಸದಿ ಮುಂದಿನ ಎತ್ತರದ ಕಲ್ಲುಕಂಬದಿಂದ. ಅದರ ತುದೀಲಿ ಬ್ರಹ್ಮಯಕ್ಷ ಕೂತಿದ್ದಾನೆ. ಕತ್ತು ನೋಯೋವರೆಗೂ ಮೇಲಕ್ಕೆ ನೋಡ್ಬೇಕು. ಒಳಗೆ ಪಂಚಕೂಟ ಬಸದಿ, ಗಂಗರ ಕಾಲದ್ದು. ಅಂದ್ರೆ ಸಾವಿರ ವರ್ಷದ ಹಿಂದಿನ ಮಾತು. ಮೊದಲು ಕಟ್ಟಿದ್ದು ಮೂರು ಗುಡಿ, ಆಮೇಲೆ ಎರಡು ಸೇರಿಕೊಂಡವು.

ಆ ಮೂರರ ಶಿಖರ ನೋಡೋದೇ ಒಂದು ಚೆಂದ. ಒಂದರ ತಲೆ ಚೌಕ, ಒಂದಕ್ಕೆ ಎಂಟು ಮೂಲೆ, ಇನ್ನೊಂದು ಗಡಿಗೆ ಬೋರಲು ಹಾಕಿದಂಗೆ ದುಂಡಗಿದೆ. ನಾಗರ, ದ್ರಾವಿಡ, ವೇಸರ ಅಂತ ಪುಸ್ತಕದಲ್ಲಿ ಓದೋ ಮೂರೂ ಒಂದೇ ಅಂಗಳದಲ್ಲಿ! ನನಗೆ ದುಂಡನೆಯದೇ ಹೆಚ್ಚು ಹಿಡಿಸ್ತು. ನಮ್ಮ ಅತ್ತಿಗೆ ಎಂಟು ಮೂಲೆಯದನ್ನೇ ಹಿಡಿದು ವಾದ ಮಾಡಿದರು. ಒಳಗಿನ ಚಾವಣೀಲಿ ಅಷ್ಟದಿಕ್ಪಾಲಕರಿದ್ದಾರೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳೋವರೆಗೂ ನಿಲ್ಲಬೇಕು, ಅವಸರ ಮಾಡಬಾರದು.

ಮುನಿಗಳಿಗೆ ಸೇರಿದ್ದ ತಾಣ ಇದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ 1116ರಲ್ಲಿ ಚೋಳರಿಂದ ತಲಕಾಡು ಗೆದ್ದುಕೊಟ್ಟ. "ಏನು ಬೇಕೋ ಕೇಳು" ಅಂದ ದೊರೆಯ ಹತ್ತಿರ ಅವನು ಬೇಡಿದ್ದು ಈ ಬಿಂಡಿಗನವಿಲೆ ತೀರ್ಥವನ್ನ. ತನಗೆ ಇಟ್ಟುಕೊಳ್ಳಲಿಲ್ಲ, ಗುರುಗಳಾದ ಶುಭಚಂದ್ರ ಸಿದ್ಧಾಂತದೇವರಿಗೆ ದಾನ ಬಿಟ್ಟ.

ಇನ್ನೊಂದು ಸಲ ಅವನು ಪರಮ ಅನ್ನೋ ಊರು ಕೇಳಿ ಪಡೆದ. ಅದನ್ನ ಕೊಟ್ಟದ್ದು ತಾಯಿ ಪೋಚಿಕಬ್ಬೆ, ಹೆಂಡತಿ ಲಕ್ಷ್ಮಿ ಕಟ್ಟಿಸಿದ ಬಸದಿಗಳಿಗೆ. ಗೆದ್ದ ಗಂಡಸಿನ ಹೆಸರಿನ ಪಕ್ಕದಲ್ಲೇ ಅತ್ತೆ, ಸೊಸೆ ಇಬ್ಬರ ಹೆಸರೂ ಕಲ್ಲಿನ ಮೇಲೆ ನಿಂತಿದೆ! ನಮ್ಮ ಮನೆಗಳ ಹಳೇ ಪತ್ರ ತೆಗೆದು ನೋಡಿ, ಅಜ್ಜಿಯರ ಹೆಸರು ಎಷ್ಟರಲ್ಲಿ ಸಿಗುತ್ತೆ? ನಮ್ಮ ಅಜ್ಜಿಯ ತಾಯಿ ಹೆಸರು ಈಗ ಮನೇಲಿ ಯಾರಿಗೂ ಗೊತ್ತಿಲ್ಲ.

ಆ ಅತ್ತೆ ಸೊಸೆ ಇಬ್ಬರೂ ಕೊನೆಗೆ ಸಲ್ಲೇಖನ ತಗೊಂಡೇ ಪ್ರಾಣ ಬಿಟ್ಟರಂತೆ. ಶ್ರವಣಬೆಳಗೊಳ ಇಲ್ಲಿಂದ ಸುಮಾರು 18 ಕಿ.ಮೀ. ಅಲ್ಲಿ ಗೊಮ್ಮಟನ ಬೆಟ್ಟ ಹತ್ತಿ ಇಳಿದು ಬಂದುಬಿಡಬೇಡಿ. ಎದುರಿನ ಚಿಕ್ಕಬೆಟ್ಟದ ಮೇಲೆ ಗಂಗರಾಜ ತಾಯಿಗೋಸ್ಕರ ಕಟ್ಟಿಸಿದ ಕತ್ತಲೆ ಬಸದಿ ಇದೆ, ಲಕ್ಷ್ಮಿ ಕಟ್ಟಿಸಿದ ಎರಡುಕಟ್ಟೆ ಬಸದಿಯೂ ಇದೆ. ಬೆಳಗ್ಗೆ ಬೇಗ ಹೊರಡಿ, ಬಿಸಿಲೇರಿದರೆ ಬಂಡೆ ಕಾದು ಬರಿಗಾಲು ಸುಡುತ್ತೆ.